ಕಂಬಳಿ ಹೊದ್ದ ಗಿಟಾರ್

ಮಾರ್ಚ್ 3, ಭಾನುವಾರ. ಮಧ್ಯಾಹ್ನ 3.30

ಟೇಕ್ ನಾಲ್ಕು. ಅದೂ ಹೋಯಿತು.

ಇವತ್ತಿನ ವ್ಯವಸ್ಥೆ ಬರೆದಿಡುತ್ತೇನೆ, ಇಲ್ಲದಿದ್ದರೆ ಮುಂದಿನ ವಾರ ನೆನಪಿರುವುದಿಲ್ಲ. ಆಂಪ್, ಅಂದರೆ ಗಿಟಾರಿನ ಸ್ಪೀಕರ್ ಪೆಟ್ಟಿಗೆ — ಮರದ ಸ್ಟೂಲ್ ಮೇಲೆ. ಹಿಂದೆ ಬೀರು, ಅದರ ಬಾಗಿಲು ತೆರೆದು ಬಟ್ಟೆಯೆಲ್ಲ ಹಾಗೇ ನೇತಾಡಲು ಬಿಟ್ಟಿದ್ದು. ಎಡಕ್ಕೆ ಹಾಸಿಗೆ, ಗೋಡೆಗೆ ಒರಗಿಸಿ. ಬಲಕ್ಕೆ ಇವಳು ಹೊಲಿಯಲು ತಂದಿಟ್ಟ ದಪ್ಪ ಪರದೆ ಬಟ್ಟೆ, ಎರಡು ಕುರ್ಚಿಗಳ ಮೇಲೆ. ಮೈಕ್ ಸ್ಟ್ಯಾಂಡಿನ ಮೇಲೆ, ಅಡ್ಡ ಮಲಗಿಸಿ, ಮೂತಿ ನೇರ ಸ್ಪೀಕರಿಗೆ, ಒಂದು ಗೇಣು ದೂರ. ವಾಲ್ಯೂಮ್ ನಾಲ್ಕು. ಟ್ರೆಬಲ್ ಆರು, ಆಮೇಲೆ ಏಳು, ಆಮೇಲೆ ಸಿಟ್ಟಿಗೆ ಹತ್ತು.

ರೂಮಿನಲ್ಲಿ ನಿಂತು ಕೇಳಿದರೆ ಸೊಗಸಾಗಿದೆ. ಹೆಡ್‌ಫೋನ್ ಹಾಕಿಕೊಂಡು ರೆಕಾರ್ಡ್ ಆದದ್ದನ್ನು ಕೇಳಿದರೆ — ಗಿಟಾರಿಗೆ ಕಂಬಳಿ ಹೊದಿಸಿ ಕೂರಿಸಿದ ಹಾಗೆ. ತಂತಿಗೆ ಪಿಕ್ ತಾಗುವ ಆ ಸಣ್ಣ 'ಟಕ್' ಇಲ್ಲವೇ ಇಲ್ಲ. ಎಲ್ಲ ಮೆತ್ತಗೆ, ಮಂಕಾಗಿ.

ಡ್ರಮ್ಮರ್ ಕೊಟ್ಟ ಗಡುವು ಈ ತಿಂಗಳ 31. ಇಪ್ಪತ್ತನಾಲ್ಕು ವರ್ಷದ ಹಿಂದೆ ನಾವು ನಾಲ್ಕು ಜನ ಕರೆದಲ್ಲಿ ಹೋಗಿ ಬಾರಿಸುತ್ತಿದ್ದೆವು. ಮದುವೆ, ಕಾಲೇಜು, ಹೋಟೆಲ್ ಛಾವಣಿ. ನಮ್ಮದೇ ಅಂತ ಇದ್ದದ್ದು ಒಂದೇ ಟ್ಯೂನ್. ಅದನ್ನು ಒಂದು ದಿನವೂ ರೆಕಾರ್ಡ್ ಮಾಡಲಿಲ್ಲ. ಈಗ ನಾಲ್ವರೂ ನಾಲ್ಕು ಊರಲ್ಲಿ. ಅವರವರ ಪಾಲು ಅವರವರ ಮನೆಯಲ್ಲೇ ರೆಕಾರ್ಡ್ ಮಾಡಿ ಕಳಿಸುವುದು, ಅವನು ಕೂಡಿಸುವುದು. ಬೇಸ್‌ನವನು ಕಳಿಸಿಯಾಯಿತು. ಕೀಬೋರ್ಡ್‌ನವನೂ. ಬಾಕಿ ನಾನೊಬ್ಬ. ಆಗ ಪ್ರತಿ ಪ್ರೋಗ್ರಾಮಿಗೂ ತಡವಾಗಿ ಬರುತ್ತಿದ್ದವನು ಈ ಡ್ರಮ್ಮರ್. ಈಗ ನನ್ನನ್ನು ಬೈಯುವುದೆಂದರೆ ಅವನಿಗೆ ಎಲ್ಲಿಲ್ಲದ ಖುಷಿ.

ಮೈಕ್ ಹೊಸದು. ಅಂದರೆ ನನಗೆ ಹೊಸದು. ಸ್ಟುಡಿಯೋ ಮುಚ್ಚಿ ಊರು ಬಿಡುತ್ತಿದ್ದ ಒಬ್ಬರಿಂದ ಕೊಂಡದ್ದು. ಸ್ಟೇಜ್ ಮೈಕಿಗಿಂತ ದಪ್ಪ, ಕೈಯಲ್ಲಿ ಹಿಡಿದರೆ ತೂಕ, ಮೇಲರ್ಧ ಪೂರ್ತಿ ಜಾಲರಿ. ಇಷ್ಟು ಒಳ್ಳೆಯ ಮೈಕ್ ಇಟ್ಟುಕೊಂಡು ಇಂಥ ಸೌಂಡು.

ಹಾಸಿಗೆ ವಾಪಸ್ ಮಂಚಕ್ಕೆ ಹಾಕಬೇಕು. ಇವಳು ಎರಡು ಸಲ ಕೇಳಿಯಾಯಿತು.


ಮಾರ್ಚ್ 6, ಬುಧವಾರ

ಡಿಪೋ. ಒಂಬತ್ತು ಬಸ್ಸು ನೋಡಿದೆ. 

ಗೇರ್‌ಬಾಕ್ಸ್ ಅಂತ ಕಳಿಸಿದ್ದ ಒಂದು ಬಸ್ಸಿನದು ಗೇರ್‌ಬಾಕ್ಸ್ ತೊಂದರೆಯೇ ಅಲ್ಲ. ಉದ್ದ ಸ್ಕ್ರೂಡ್ರೈವರ್ ತೆಗೆದು, ತುದಿ ಎಂಜಿನ್ನಿಗೆ ಇಟ್ಟು, ಹಿಡಿಯನ್ನು ಎಡಗಿವಿಗೆ ಒತ್ತಿದೆ. ನೀರಿನ ಪಂಪಿನ ಬೇರಿಂಗ್. ಅರ್ಧ ನಿಮಿಷ ಸಾಕಾಯಿತು. ಇಪ್ಪತ್ತಾರು ವರ್ಷದಿಂದ ಇದೇ ನನ್ನ ಸ್ಟೆತಸ್ಕೋಪು. ಕಂಪ್ಯೂಟರ್ ಬಂದಿದೆ, ವೈರ್ ಚುಚ್ಚಿದರೆ ಪರದೆಯ ಮೇಲೆ ನಂಬರ್ ಬರುತ್ತದೆ. ಆದರೂ ನಂಬರ್ ಅರ್ಥವಾಗದಿದ್ದಾಗ ಮ್ಯಾನೇಜರ್ ಅನ್ನುವುದು ಒಂದೇ ಮಾತು, "ಡಾಕ್ಟರನ್ನ ಕರೀರಿ." ಡಾಕ್ಟರ್ ಅಂದರೆ ನಾನು.

ಖುಷಿಯ ದಿನ. ಮನೆಗೆ ಬಂದು ಮೈಕಿನ ಕೇಬಲ್ ಬದಲಾಯಿಸಿ ನೋಡಿದೆ. ಅದೇ ಕಂಬಳಿ.


ಮಾರ್ಚ್ 9, ಶನಿವಾರ. ಸಂಜೆ 6

ನಾಲ್ಕು ಟೇಕ್. ಕೆಳಗಿನ ಮನೆಯ ಮೇಡಂ ಪೊರಕೆ ಹಿಡಿಯಿಂದ ಅವರ ಮನೆಯ ಸೂರಿಗೆ, ಅಂದರೆ ನಮ್ಮ ನೆಲಕ್ಕೆ, ಕುಟ್ಟಿದರು. ಮೂರು ಸಲ, ಲಯವಾಗಿ. ವಾಲ್ಯೂಮ್ ಮೂರಕ್ಕೆ ಇಳಿಸಿದೆ. ಮತ್ತೆ ಕುಟ್ಟಿದರು. ಒಬ್ಬರೇ ಇರುವುದು, ಎಪ್ಪತ್ತರ ಮೇಲಿನವರು, ಮೆಟ್ಟಿಲಲ್ಲಿ ಸಿಕ್ಕರೆ ಕನ್ನಡಕದ ಮೇಲಿಂದ ನೋಡುತ್ತಾರೆ. ಈಗಂತೂ ಅವರು ಬರುವುದು ಕಂಡರೆ ಗೇಟಿನ ಹತ್ತಿರವೇ ನಿಂತು ಫೋನ್ ನೋಡುವ ನಾಟಕ ಆಡುತ್ತೇನೆ.

ಇವಳಿಗೂ ಸುಸ್ತು. ಪಕ್ಕದ ರೂಮಿನಲ್ಲಿ ಪರದೆ, ದಿಂಬಿನ ಚೀಲ ಹೊಲಿಯುವುದು ಅವಳ ಕೆಲಸ. ನಾನು "ರೆಕಾರ್ಡಿಂಗ್" ಅಂತ ಕೂಗಿದಾಗಲೆಲ್ಲ ಮಷಿನ್ ನಿಲ್ಲಿಸಬೇಕು. "ಒಂದು ಪರದೆ ಹೊಲಿಯೋಕೆ ಮೂರು ದಿನ ಆಯ್ತು ರೀ. ಗಿರಾಕಿ ಕಿಟಕೀನೇ ಬದಲಾಯಿಸ್ತಾರೆ ಅಷ್ಟರಲ್ಲಿ."


ಮಾರ್ಚ್ 10, ಭಾನುವಾರ. ಸಂಜೆ

ಯಾವುದನ್ನು ಬರೆಯಬಾರದು ಅಂದುಕೊಂಡಿದ್ದೆನೋ ಅದನ್ನು ಬರೆಯುತ್ತಿದ್ದೇನೆ.

ಬೆಳಿಗ್ಗೆ ಇವಳಿಗೆ ಹೆಡ್‌ಫೋನ್ ಹಾಕಿ ಕೇಳಿಸಿದೆ. "ಚೆನ್ನಾಗಿದೆಯಲ್ಲ. ಕಿವಿಗೆ ಹಿತವಾಗಿದೆ." ಮಂಕಾಗಿಲ್ವಾ ಅಂತ ಕೇಳಿದೆ. "ನಂಗೇನೂ ಹಾಗನ್ನಿಸಲಿಲ್ಲಪ್ಪ." ಡ್ರಮ್ಮರ್‌ಗೆ ಅರ್ಧ ನಿಮಿಷದ ತುಣುಕು ಕಳಿಸಿದೆ. ಹೆಬ್ಬೆಟ್ಟು ಬಂತು. ಅದರ ಕೆಳಗೆ, "ಸೂಪರ್ ಗುರು. ಪೂರ್ತಿ ಕಳಿಸು."

ಕೇಳಿದ ಇಬ್ಬರಿಗೂ ಸರಿಯಾಗಿದೆ. ಸರಿಯಿಲ್ಲ ಅನ್ನಿಸುವುದು ನನಗೊಬ್ಬನಿಗೆ.

ಹಾಗಾದರೆ ಕಂಬಳಿ ಇರುವುದು ಗಿಟಾರಿನ ಮೇಲಲ್ಲ.

ಅಪ್ಪ. ಎರಕದ ಕಾರ್ಖಾನೆಯಲ್ಲಿ ಮೂವತ್ತು ವರ್ಷ, ಸುತ್ತಿಗೆಯ ಸದ್ದಿನ ನಡುವೆ. ಐವತ್ತಕ್ಕೆ ಶುರುವಾಯಿತು. ಮೊದಮೊದಲು ಎದುರು ಕೂತು ಮಾತಾಡಿದರೆ ಏನೂ ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ಫೋನಿನಲ್ಲಿ. "ಏನೋ ಇದು, ಎಲ್ಲರೂ ಕಂಬಳಿ ಹೊದ್ಕೊಂಡು ಮಾತಾಡ್ತಾರೆ" ಅನ್ನುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು. ಆಮೇಲೆ ಎದುರು ಕೂತವರ ಮಾತೂ ಹೋಯಿತು. ಅದನ್ನು ಅವರು ಯಾರಿಗೂ ಹೇಳಲಿಲ್ಲ. ಯಾರು ಏನು ಹೇಳಿದರೂ ಹೂಂ ಅನ್ನುತ್ತಿದ್ದರು. ನೀರು ಬೇಕಾ ಅಂದರೂ ಹೂಂ, ಸಾಕಾ ಅಂದರೂ ಹೂಂ.

ಈ ಪುಸ್ತಕದ ಹಿಂದಿನ ಪುಟ ತಿರುಗಿಸಿ ನೋಡಿದೆ. 3ನೇ ತಾರೀಕು. ನಾನೇ ಬರೆದಿದ್ದೇನೆ, ಅದೇ ಮಾತು, ನನ್ನದೇ ಕೈಬರಹ.

ರೂಮಿನಲ್ಲಿ ಸರಿ, ಹೆಡ್‌ಫೋನಿನಲ್ಲಿ ಮಂಕು. ಎದುರಿಗೆ ಸರಿ, ಫೋನಿನಲ್ಲಿ ಮಂಕು. ಒಂದೇ ಲೆಕ್ಕ. ಪರೀಕ್ಷೆಗೆ ಅಂತ ಯಾವುದೋ ಹಳೆಯ ಹಾಡು ಹೆಡ್‌ಫೋನಿನಲ್ಲಿ ಹಾಕಿದೆ. ಸರಿಯಾಗೇ ಕೇಳಿಸಿತು. ಆದರೆ ಸಾವಿರ ಸಲ ಕೇಳಿದ ಹಾಡು. ಅದನ್ನು ಕಿವಿ ಕೇಳುತ್ತದೋ ನೆನಪು ಕೇಳುತ್ತದೋ ಹೇಳುವುದು ಹೇಗೆ.

ನನಗೆ ನಲವತ್ತೊಂಬತ್ತು. ಕಿವಿ ಹೋದರೆ ಡಿಪೋದಲ್ಲಿ ನಾನು ಯಾರು? ಗ್ರೀಸ್ ಹಚ್ಚುವವನು. ಗಿಟಾರ್ ಬಿಡು, ಅದು ಹವ್ಯಾಸ... ಇಲ್ಲ. ಅದನ್ನೂ ಬಿಡಲಾರೆ. 

ಇವಳಿಗೆ ಹೇಳುವುದಿಲ್ಲ. ಖಚಿತವಾಗುವ ತನಕ ಹೇಳುವುದಿಲ್ಲ.


ಮಾರ್ಚ್ 12, ಮಂಗಳವಾರ

ಉಳಿದದ್ದನ್ನಾದರೂ ಉಳಿಸಿಕೊಳ್ಳಬೇಕು. ಇವಳ ಹೊಲಿಗೆ ರೂಮಿನ ಮೂಟೆಯಿಂದ ದಿಂಬಿನ ಹತ್ತಿ ಒಂದು ಹಿಡಿ ತೆಗೆದು ಜೇಬಿಗೆ ಹಾಕಿಕೊಂಡೆ. ಡಿಪೋದಲ್ಲಿ ಇಡೀ ದಿನ ಎರಡೂ ಕಿವಿಗೆ ಹತ್ತಿ. ಯಾರಾದರೂ ಕೇಳಿದರೆ "ಶೀತ" ಅಂದೆ. ಮಾರ್ಚ್ ತಿಂಗಳ ಬಿಸಿಲಲ್ಲಿ ಶೀತ.

ಮನೆಗೆ ಬಂದ ಮೇಲೂ ಸ್ವಲ್ಪ ಹೊತ್ತು ಇಟ್ಟುಕೊಂಡಿದ್ದೆ. ಮಿಕ್ಸಿ ಶಬ್ದ ತಪ್ಪಿತು. ಒಳ್ಳೆಯದೇ.


ಮಾರ್ಚ್ 15, ಶುಕ್ರವಾರ

ಇವತ್ತು ಖಚಿತವಾಯಿತು.

ಮಧ್ಯಾಹ್ನ ಒಂದು ಬಸ್ಸು ಬಂತು. ಡ್ರೈವರ್ ಹೇಳಿದ, "ಟಿಕ್ ಟಿಕ್ ಅಂತಿದೆ ಡಾಕ್ಟ್ರೇ, ಒಳಗಡೆ ಎಲ್ಲೋ." ಕಿವಿಯ ಹತ್ತಿ ಕಿತ್ತೆ. ಬೆವರಿಗೆ ನೆಂದು ಹಿಸಿದು ಹೋಗಿತ್ತು, ಚೂರು ಚೂರಾಗಿ ಕೈಗೆ ಬಂತು. ಸ್ಕ್ರೂಡ್ರೈವರ್ ಇಟ್ಟು, ಹಿಡಿ ಎಡಗಿವಿಗೆ ಒತ್ತಿದೆ. ಗುಂಯ್... ಅಷ್ಟೇ. ಬಾವಿಯೊಳಗೆ ಕೂತ ಹಾಗೆ. ಟಿಕ್ ಇಲ್ಲ. ಜಾಗ ಬದಲಾಯಿಸಿದೆ. ಇಲ್ಲ. "ಏನೂ ಇಲ್ಲಪ್ಪ" ಅಂದೆ.

ಪಕ್ಕದಲ್ಲಿ ಬ್ಯಾಟರಿ ನೋಡುತ್ತಿದ್ದ ಎಲೆಕ್ಟ್ರಿಷಿಯನ್ ತಲೆ ಎತ್ತಿದ. "ಇದೆಯಲ್ಲ ಡಾಕ್ಟ್ರೇ. ನಂಗೆ ಇಲ್ಲಿಗೇ ಕೇಳಿಸ್ತಿದೆ." 

ಅವನು ಕೇಡು ಬಗೆಯುವ ಮನುಷ್ಯನಲ್ಲ. ಇದ್ದದ್ದನ್ನು ಹೇಳಿದ, ಮತ್ತೆ ಬ್ಯಾಟರಿಗೆ ಬಗ್ಗಿದ. ಡ್ರೈವರ್ ನನ್ನ ಮುಖ ನೋಡಿದ. ನಾನು ಹೂಂ ಅಂದೆ.

ಹೂಂ ಅಂದೆ. ಅಪ್ಪನ ಹಾಗೇ. ಬಾಯಿಂದ ಬಂದ ಮೇಲೆ ಗೊತ್ತಾಯಿತು.


ಮಾರ್ಚ್ 22, ಶುಕ್ರವಾರ

ಒಂದು ವಾರ ಏನೂ ಬರೆಯಲಿಲ್ಲ. ಬರೆಯುವುದೇನಿದೆ.

ಗಿಟಾರ್ ಪೆಟ್ಟಿಗೆಯೊಳಗೆ. ಡ್ರಮ್ಮರ್ ಫೋನ್ ಮಾಡಿದ. ಎಡಗಡೆ ಇಟ್ಟುಕೊಂಡರೆ ಕೇಳಿಸುವುದಿಲ್ಲ, ಬಲಗಡೆ ಇಟ್ಟುಕೊಂಡೆ. "ಏನ್ ಗುರು, ಇನ್ನೂ ಟ್ಯೂನ್ ಮಾಡ್ತಾ ಇದೀಯಾ? ಇಪ್ಪತ್ತನಾಲ್ಕು ವರ್ಷ ಆಯ್ತು." ತಂತಿ ಕಡಿದಿದೆ ಅಂದೆ. ಸುಳ್ಳು. "ಒಂದು ತಂತಿ ತಾನೇ, ಉಳಿದ ಐದರಲ್ಲಿ ಬಾರ್ಸು" ಅಂದ.

ಇವಳು ಹಾಸಿಗೆ ಬಗ್ಗೆ ಕೇಳುವುದಿಲ್ಲ, ಪರದೆ ಬಗ್ಗೆ ಕೇಳುವುದಿಲ್ಲ. ರೆಕಾರ್ಡಿಂಗ್ ಯಾಕೆ ನಿಂತಿತು ಅಂತಲೂ ಕೇಳಲಿಲ್ಲ. ಅವಳಿಗೆ ಅನುಕೂಲವೇ ಆಗಿರಬೇಕು. ಇಡೀ ದಿನ ಮಷಿನ್ ಓಡುತ್ತದೆ.


ಮಾರ್ಚ್ 24, ಭಾನುವಾರ

ಮಧ್ಯಾಹ್ನ ರಸ್ತೆ ದಾಟುವಾಗ ಎಡಗಡೆಯಿಂದ ಸ್ಕೂಟರ್. ಹಾರ್ನ್ ಹೊಡೆದನಂತೆ, ಮೂರು ಸಲ. ತೋಳು ಸವರಿಕೊಂಡೇ ಹೋದ. "ಕಿವಿ ಕೇಳಿಸಲ್ವೇನ್ರೀ?"

ಬೀದಿಯಲ್ಲಿ ಹೋಗುವವನಿಗೂ ಗೊತ್ತಾಯಿತು ಅಂದ ಮೇಲೆ ಬಚ್ಚಿಟ್ಟು ಏನು ಪ್ರಯೋಜನ. ನಾಳೆ ಅರ್ಧ ದಿನ ರಜೆ. ಕಿವಿ ಡಾಕ್ಟರ ಹತ್ತಿರ ಹೋಗುತ್ತೇನೆ. ಇವಳಿಗೆ ಓವರ್‌ಟೈಮ್ ಅಂತ ಹೇಳಿದ್ದೇನೆ.


ಮಾರ್ಚ್ 25, ಸೋಮವಾರ. ಸಂಜೆ 5.15

ಬಸ್ ಸ್ಟಾಪಿನಲ್ಲಿ ಕೂತು ಬರೆಯುತ್ತಿದ್ದೇನೆ. ಪುಸ್ತಕ ತೊಡೆಯ ಮೇಲೆ, ಅಕ್ಷರ ಹೇಗಾದರೂ ಇರಲಿ.

ಮೊದಲು ಪರೀಕ್ಷೆ. ಸಣ್ಣ ಗೂಡಿನಂಥ ರೂಮು, ಸುತ್ತ ಸ್ಪಂಜು. ಇಂಥ ರೂಮು ನನಗೊಂದಿದ್ದರೆ ಹಾಸಿಗೆ ಎತ್ತುವ ಕೆಲಸವೇ ಇರುತ್ತಿರಲಿಲ್ಲ ಅಂತ ಆ ಹೊತ್ತಿನಲ್ಲೂ ಅನ್ನಿಸಿತು. ಪರೀಕ್ಷೆ ಮಾಡುವಾಕೆ ಹೆಡ್‌ಫೋನ್ ಹಾಕಿ, ಕೈಗೊಂದು ಬಟನ್ ಕೊಟ್ಟರು. "ಶಬ್ದ ಎಷ್ಟೇ ಸಣ್ಣದಿರಲಿ, ಕೇಳಿಸಿದ ಕೂಡಲೇ ಒತ್ತಿ." ಬಲಗಿವಿ — ಒತ್ತಿದೆ, ಒತ್ತಿದೆ, ಒತ್ತಿದೆ. ಎಡಗಿವಿ — ಕೂತೆ. ಕಾದೆ. ಗಾಜಿನ ಆಚೆ ಅವರ ಕೈ ಆಡುತ್ತಿತ್ತು, ನನ್ನ ಕಿವಿಗೆ ಏನೂ ಬರುತ್ತಿರಲಿಲ್ಲ. ಜೀವಮಾನದಲ್ಲಿ ಅಷ್ಟು ಹೆದರಿರಲಿಲ್ಲ. 

ಚೀಟಿ ಹಿಡಿದು ಒಳಗೆ ಹೋದೆ. ಡಾಕ್ಟರ್ ವಯಸ್ಸಾದ ಹೆಂಗಸು, ಹಣೆಗೆ ಲೈಟು ಕಟ್ಟಿಕೊಂಡಿದ್ದರು. ಚೀಟಿ ನೋಡಿದರು, ಹೂಂ ಅಂದರು. ನನ್ನ ಜೀವ ಅರ್ಧ ಹೋಯಿತು. ಅಪ್ಪನ ಕಥೆ ಹೇಳಲು ಶುರು ಮಾಡಿದೆ. "ಅಪ್ಪನ್ನ ಆಮೇಲೆ ನೋಡೋಣ, ಮೊದಲು ನಿಮ್ಮ ಕಿವಿ ಈ ಕಡೆ ತಿರುಗಿಸಿ."

ಒಳಗೆ ಇಣುಕಿದರು. "ಯಾವಾಗ ಇಟ್ಟಿದ್ದು ಇದನ್ನ?"

"ಏನನ್ನ ಡಾಕ್ಟ್ರೇ?"

ಚಿಮುಟ ಒಳಗೆ ಹೋಯಿತು. ಏನೋ ಜಾರಿದ ಹಾಗೆ, ಕಚಗುಳಿ ಇಟ್ಟ ಹಾಗೆ — ಆಮೇಲೆ ಫಕ್ಕನೆ ಪ್ರಪಂಚವೆಲ್ಲ ಒಳಗೆ ನುಗ್ಗಿತು. ಫ್ಯಾನ್. ಹೊರಗೆ ಯಾರದೋ ಕೆಮ್ಮು. ತಟ್ಟೆಗೆ ಚಿಮುಟ ಇಟ್ಟ 'ಟಿಂಗ್'. ತಟ್ಟೆಯಲ್ಲಿ ಬೂದು ಬಣ್ಣದ ಒಂದು ಉಂಡೆ. 

"ದಿಂಬಿನ ಹತ್ತಿ" ಅಂದೆ.

"ನಿಮ್ಮ ಕಿವೀಲಿ ಇನ್ನೊಂದು ಸ್ವಲ್ಪ ಇದ್ದಿದ್ರೆ ನಾನೇ ಒಂದು ದಿಂಬು ಮಾಡ್ಕೊಳ್ತಿದ್ದೆ." ನಗಲಿಲ್ಲ, ಹಾಗೇ ಹೇಳಿದರು. ಯಾಕೆ ಇಟ್ಟುಕೊಂಡಿರಿ ಅಂತ ಕೇಳಿದರು. ಕಿವಿ ಹೋಗಬಾರದು ಅಂತ, ಅಂದೆ. ಆಗ ನಕ್ಕರು.

ಮತ್ತೆ ಗೂಡಿಗೆ ಕಳಿಸಿದರು. ಈ ಸಲ ಎಡಗಿವಿಗೂ ಒತ್ತಿದೆ, ಒತ್ತಿದೆ, ಒತ್ತಿದೆ. ಹೊಸ ಚೀಟಿ. ಡಾಕ್ಟರ್ ಪೆನ್ನಿನ ತುದಿಯಿಂದ ಗೆರೆ ತೋರಿಸಿದರು. ತೀರಾ ಮೇಲಿನ ಸ್ಥಾಯಿಯ ಶಬ್ದಗಳಲ್ಲಿ ಚೂರು ಇಳಿದಿದೆ, ಅಷ್ಟೇ. "ಇಷ್ಟು ವರ್ಷ ಎಂಜಿನ್ ಪಕ್ಕ ಇದ್ದೋರಿಗೆ ಇದು ಏನೇನೂ ಅಲ್ಲ. ಅಪ್ಪನ ಕಾಲದಲ್ಲಿ ಕಿವಿ ಮುಚ್ಚಿಕೊಳ್ಳೋಕೆ ಏನೂ ಕೊಡ್ತಿರಲಿಲ್ಲ. ನೀವು ಸರಿಯಾದ್ದೊಂದು ತಗೊಂಡು ಹಾಕ್ಕೊಳ್ಳಿ. ವರ್ಷಕ್ಕೊಂದು ಸಲ ಬಂದು ತೋರಿಸಿ. ಹತ್ತಿ ಮುಟ್ಟಬೇಡಿ."

ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತೆ. ಅಳು ಬಂತು. ಬರೆದುಬಿಡುತ್ತೇನೆ, ಇದನ್ನು ಓದುವವರು ಯಾರು — ನಿಂತುಕೊಂಡೇ ಅತ್ತುಬಿಟ್ಟೆ. ಪಾರ್ಕಿಂಗ್ ನೋಡಿಕೊಳ್ಳುವವನು ಹತ್ತಿರ ಬಂದ. "ಸಮಾಧಾನ ಮಾಡ್ಕೊಳ್ಳಿ ಸಾರ್. ಎಲ್ಲ ಸರಿಹೋಗುತ್ತೆ."

"ಸರಿಹೋಗಿದೆಯಪ್ಪ" ಅಂದೆ. "ಅದಕ್ಕೇ."

ಅವನು ನಂಬಲಿಲ್ಲ. ಬೆನ್ನು ತಟ್ಟಿ ಹೋದ.


ಅದೇ ದಿನ. 8.30

ಇವಳಿಗೆ ಎಲ್ಲ ಹೇಳಿದೆ. ಕಂಬಳಿ, ಅಪ್ಪ, ಹತ್ತಿ, ಬಸ್ಸು, ಸ್ಕೂಟರ್. ಸೂಜಿ ಹಿಡಿದುಕೊಂಡೇ ಕೇಳಿದಳು. "ಹೌದಾ? ಏನೂ ತೊಂದರೆ ಇಲ್ವಂತಾ?" ಇಲ್ಲವಂತೆ ಅಂದೆ. "ಸರಿ ಬಿಡಿ. ಕೈಕಾಲು ತೊಳ್ಕೊಳ್ಳಿ, ಊಟಕ್ಕೆ ಬಿಸಿ ಮಾಡ್ತೀನಿ."

ಇಷ್ಟೇ. ಗಂಡ ಕಿವುಡನಾಗುತ್ತಿದ್ದ, ಆಗಲಿಲ್ಲ. ಹೋದ ಜೀವ ಬಂದ ಹಾಗಾಗಿದೆ ನನಗೆ, ಇವಳಿಗೆ ಊಟದ ಚಿಂತೆ. ಬಿಸಿ ಮಾಡಲು ಹೋದವಳು ಬಹಳ ಹೊತ್ತು ಬರಲೂ ಇಲ್ಲ. ಹಸಿವಾಗಿತ್ತು. ಒಂದು ಸಲ ಕೂಗಿದೆ ಕೂಡ.

ಇರಲಿ. ಬೇಜಾರು ಮಾಡಿಕೊಳ್ಳುವಷ್ಟು ಜಾಗ ಇವತ್ತು ನನ್ನೊಳಗಿಲ್ಲ. ತಟ್ಟೆಗೆ ಚಮಚ ತಾಗುವ ಸದ್ದು ಕೇಳುತ್ತ ಎರಡು ತುತ್ತು ಜಾಸ್ತಿ ಉಂಡೆ.


ಮಾರ್ಚ್ 26, ಮಂಗಳವಾರ

ಡಿಪೋಗೆ ಹೋಗಿ ಮೊದಲು ಆ ಟಿಕ್ ಟಿಕ್ ಬಸ್ಸು ಹುಡುಕಿದೆ. ಅದು ಆಗಲೇ ರಿಪೇರಿಯಾಗಿ ರೂಟಿಗೆ ಹೋಗಿತ್ತು. ಎಲೆಕ್ಟ್ರಿಷಿಯನ್‌ಗೆ ನಡೆದದ್ದು ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕ. ಸಂಜೆಯೊಳಗೆ ಇಡೀ ಡಿಪೋಗೆ ಗೊತ್ತು. ಮ್ಯಾನೇಜರ್ ಅಂದರು, "ಡಾಕ್ಟ್ರೇ, ದಿಂಬು ತಂದಿದೀರಾ?" ಈ ಮಾತು ನಾನು ರಿಟೈರ್ ಆಗುವ ತನಕ ನಡೆಯುತ್ತದೆ. ನಡೆಯಲಿ.

ಮನೆಗೆ ಬಂದು ಗಿಟಾರ್ ತೆಗೆದೆ. ಎಲ್ಲ ಮೊದಲಿನ ಹಾಗೇ ಜೋಡಿಸಿ ಒಂದು ಟೇಕ್. ಹೆಡ್‌ಫೋನ್ ಹಾಕಿಕೊಂಡೆ.

ಕಂಬಳಿ.

ಹೆಡ್‌ಫೋನ್ ತೆಗೆದು ಮತ್ತೆ ಹಾಕಿಕೊಂಡು ಕೇಳಿದೆ. ಆಮೇಲೆ ಜೇಬಿನಿಂದ ಚೀಟಿ ತೆಗೆದು ನೋಡಿದೆ. ಕಿವಿ ಸರಿಯಿದೆ ಅಂತ ಸಹಿ ಸಮೇತ ಬರೆದುಕೊಟ್ಟಿದ್ದಾರೆ. ಹಾಗಾದರೆ ಮಂಕಾಗಿರುವುದು ನಿಜವಾಗಿಯೂ ಸೌಂಡೇ. ಮೂರು ವಾರದ ಹಿಂದೆ, ಹತ್ತಿ ಇಡುವ ಮೊದಲು, ನಾನು ಸರಿಯಾಗೇ ಕೇಳುತ್ತಿದ್ದೆ. ಸರಿಯಿಲ್ಲದ್ದು ಸರಿಯಿಲ್ಲ ಅಂತಲೇ ಕೇಳಿಸುತ್ತಿತ್ತು.

ಡ್ರಮ್ಮರ್‌ಗೆ ಫೋನ್ ಮಾಡಿ ಬೈದೆ. ಸೂಪರ್ ಅಂತ ಹೇಗೆ ಹೇಳಿದೆ? "ಟ್ರಾಫಿಕ್ಕಲ್ಲಿದ್ದೆ ಗುರು, ಫೋನಲ್ಲೇ ಕೇಳಿದ್ದು. ನೀನು ಬಾರಿಸಿದ್ದು ಅಲ್ವಾ, ಚೆನ್ನಾಗೇ ಇರುತ್ತೆ ಅಂತ ಹಾಕ್ದೆ."

ಯಂತ್ರದ ಮೇಲೆ ಸಿಟ್ಟು ಮಾಡಿಕೊಳ್ಳುವುದು ಎಂಥ ಸುಖ. ನನ್ನ ಮೇಲೆ ನನಗೆ ಅನುಮಾನ ಬಂದು ಕೂತಿದ್ದಾಗ ಯಾರನ್ನೂ ಏನೂ ಕೇಳುವ ಹಾಗಿರಲಿಲ್ಲ. ಈಗ ಯಾರನ್ನು ಬೇಕಾದರೂ ಕೇಳಬಹುದು. ಮೈಕ್ ಮಾರಿದವರ ನಂಬರ್ ಹತ್ತಲಿಲ್ಲ.


ಮಾರ್ಚ್ 30, ಶನಿವಾರ. ಸಂಜೆ 7

ನಾಳೆ ಗಡುವು. ಸಂಜೆ ಐದಕ್ಕೆ ಶುರು ಮಾಡಿದೆ. ಮೂರು ಟೇಕ್, ಮೂರೂ ಅರ್ಧಕ್ಕೆ ನಿಲ್ಲಿಸಿದೆ. ಬಾಗಿಲು ಬಡಿದರು. ಕೆಳಗಿನ ಮನೆಯ ಮೇಡಂ, ಪೊರಕೆ ಸಮೇತ. ಅದರ ಹಿಡಿಯನ್ನೇ ಊರುಗೋಲು ಮಾಡಿಕೊಂಡು ಮೆಟ್ಟಿಲು ಹತ್ತಿ ಬಂದಿದ್ದರು.

"ಕ್ಷಮಿಸಿ ಮೇಡಂ, ಶಬ್ದ ಜಾಸ್ತಿ ಆಯ್ತು—"

"ಶಬ್ದಕ್ಕಲ್ಲಪ್ಪ. ನೀನು ಮುಗಿಸೋದೇ ಇಲ್ವಲ್ಲ. ಒಂದು ತಿಂಗಳಿಂದ ನೋಡ್ತಿದೀನಿ. ಅಲ್ಲಿ ತನಕ ಬರ್ತೀಯಾ, ನಿಲ್ಲಿಸ್ತೀಯಾ. ಮುಂದಕ್ಕೆ ಏನಾಗುತ್ತೆ ಅಂತ ಕಾಯ್ತಾ ಕೂತಿರೋಳಿಗೆ ಹೇಗಾಗಬೇಡ? ಮುಗಿಸು ಅಂತಲೇ ಕುಟ್ಟಿದ್ದು."

ಒಳಗೆ ಕರೆದೆ. ಇವಳು ಕುರ್ಚಿ ತಂದುಕೊಟ್ಟಳು. ಅವರು ಕೂರಲಿಲ್ಲ. ಹಾಸಿಗೆ, ಬೀರು, ಪರದೆ ಎಲ್ಲದರ ಮೇಲೆ ಕಣ್ಣಾಡಿಸಿ ಕೊನೆಗೆ ಮೈಕಿನ ಮುಂದೆ ನಿಂತರು. ಕನ್ನಡಕ ಸರಿಮಾಡಿಕೊಂಡರು.

"ಇದನ್ನ ಯಾರಪ್ಪ ಹೀಗೆ ಮಲಗಿಸಿದ್ದು?"

ನಾನೇ ಅಂದೆ.

"ನೆತ್ತಿಗೆ ಮಾತಾಡಿದರೆ ಇದಕ್ಕೆ ಕೇಳಿಸುತ್ತೇನಪ್ಪ? ಇದರ ಕೆನ್ನೆಗೆ ಮಾತಾಡಬೇಕು."

ಮೂವತ್ತೊಂದು ವರ್ಷ ರೇಡಿಯೋದಲ್ಲಿ ವಾರ್ತೆ ಓದಿದವರಂತೆ. ನಾಲ್ಕು ವರ್ಷದಿಂದ ಅವರ ತಲೆಯ ಮೇಲೇ ಇದ್ದೇವೆ, ನಮಗೆ ಗೊತ್ತೇ ಇರಲಿಲ್ಲ. ಈ ಥರದ ಮೈಕುಗಳಿಗೆ ತುದಿಯಿಂದ ಕೇಳಿಸುವುದಿಲ್ಲ, ಪಕ್ಕದಿಂದ ಕೇಳಿಸುತ್ತದೆ. ಅದೂ ಒಂದೇ ಪಕ್ಕದಿಂದ — ಜಾಲರಿಯ ಕೆಳಗೆ ಚಿಕ್ಕ ಗುರುತು ಇರುವ ಕಡೆ. ಗುರುತನ್ನು ನಾನು ಕಂಪನಿಯ ಅಲಂಕಾರ ಅಂದುಕೊಂಡಿದ್ದೆ. ಸ್ಟೇಜಿನಲ್ಲಿ ಬಳಸಿದ ಮೈಕೆಲ್ಲ ತುದಿಯಿಂದ ಕೇಳುವಂಥವು. ಡಿಪೋದಲ್ಲಿ ಸ್ಕ್ರೂಡ್ರೈವರ್ ಇಡುವುದೂ ತುದಿಯಿಂದ. ಜೀವನವಿಡೀ ತುದಿ ತೋರಿಸಿಯೇ ಕೇಳಿದವನು, ಇದಕ್ಕೂ ತುದಿ ತೋರಿಸಿದೆ.

ಮೇಡಂ ಸ್ಟ್ಯಾಂಡಿನ ತಿರುಪು ಸಡಿಲಿಸಿ, ಮೈಕನ್ನು ನೆಟ್ಟಗೆ ನಿಲ್ಲಿಸಿ, ಗುರುತಿರುವ ಕಡೆಯನ್ನು ಸ್ಪೀಕರಿಗೆ ತಿರುಗಿಸಿದರು. ಮಗುವಿನ ಗಲ್ಲ ಹಿಡಿದು ಮುಖ ತಿರುಗಿಸಿದ ಹಾಗೆ. "ಈಗ ಬಾರ್ಸು."

ಒಂದು ತಂತಿ ಮೀಟಿದೆ. ಹೆಡ್‌ಫೋನಿನಲ್ಲಿ — ಟಕ್.

ನನ್ನ ಮುಖ ನೋಡಿ ಇಬ್ಬರೂ ನಕ್ಕರಂತೆ. ನನಗೆ ಗೊತ್ತಾಗಲಿಲ್ಲ, ಕಣ್ಣು ಮುಚ್ಚಿಕೊಂಡಿದ್ದೆ.

ಅವರು ಹೋದ ಮೇಲೆ ಟ್ರೆಬಲ್ಲನ್ನು ಹತ್ತರಿಂದ ಐದಕ್ಕೆ ಇಳಿಸಿದೆ. ಮೈಕನ್ನು ಸ್ಪೀಕರಿನ ನಟ್ಟನಡುವಿನಿಂದ ಎರಡು ಬೆರಳು ಪಕ್ಕಕ್ಕೆ ಸರಿಸಿದೆ. ಚೂರು ಚೂರೇ, ಕೇಳಿ, ಸರಿಸಿ, ಕೇಳಿ. ಈ ಕೆಲಸ ಯಾರೂ ಹೇಳಿಕೊಡಬೇಕಿರಲಿಲ್ಲ. ಎಂಜಿನ್ನಿನಲ್ಲಿ ಸದ್ದಿನ ಜಾಗ ಹುಡುಕುವವನಿಗೆ ಇದು ಬರುತ್ತದೆ. ನಡುವಿನಲ್ಲಿ ಕರ್ಕಶ, ಅಂಚಿನಲ್ಲಿ ಮಂಕು, ಎರಡರ ನಡುವೆ ಒಂದು ಕಡೆ ಗಿಟಾರ್ ಬಾಯಿ ಬಿಟ್ಟು ಮಾತಾಡಿತು. ಅಲ್ಲಿ ನೆಲಕ್ಕೆ ಟೇಪ್ ಅಂಟಿಸಿ ಗುರುತು ಮಾಡಿದ್ದೇನೆ.

ಇವತ್ತಿಗೆ ಸಾಕು. ಬೆರಳು ಉರಿಯುತ್ತಿದೆ. ನಾಳೆ.


ಮಾರ್ಚ್ 31, ಭಾನುವಾರ. ಮಧ್ಯಾಹ್ನ 4.40

ಹನ್ನೊಂದು ಟೇಕ್. ಪ್ರತಿಯೊಂದನ್ನೂ ಕೊನೆಯ ತನಕ ಬಾರಿಸಿದೆ, ಮೇಡಂ ಸಲುವಾಗಿ. ಎಂಟನೆಯದು ಚೆನ್ನಾಗಿದೆ. ಹನ್ನೊಂದನೆಯದು ಅದಕ್ಕಿಂತ ಚೆನ್ನಾಗಿದೆ. ಬಾರಿಸುವಾಗಲೇ ಗೊತ್ತಾಯಿತು. ಕೊನೆಯ ಕಾರ್ಡ್ — ಆರೂ ತಂತಿ ಒಟ್ಟಿಗೆ — ಬಾರಿಸಿ, ಸದ್ದು ತಾನಾಗಿ ತಣ್ಣಗಾಗಲು ಬಿಟ್ಟು, ಗಿಟಾರ್ ಕೆಳಗಿಟ್ಟು, ಪರದೆ ಸರಿಸಿ, ಬಾಗಿಲು ತೆಗೆದು ಬಾಲ್ಕನಿಗೆ ಹೋದೆ. ಗಾಳಿ ಬೇಕಿತ್ತು. ರೆಕಾರ್ಡಿಂಗ್ ನಿಲ್ಲಿಸುವುದು ಮರೆತೇ ಹೋಗಿತ್ತು.

ಬಂದು ನಿಲ್ಲಿಸಿ, ಮೊದಲಿನಿಂದ ಕೇಳಿದೆ. ತಪ್ಪಿಲ್ಲ. ಎಲ್ಲೂ ಇಲ್ಲ. ಕೊನೆಯ ಕಾರ್ಡ್ ಎಷ್ಟು ದೂರ ಎಳೆಯುತ್ತದೆ ನೋಡೋಣ ಅಂತ ಹೆಡ್‌ಫೋನ್ ವಾಲ್ಯೂಮ್ ಪೂರ್ತಿ ಏರಿಸಿದೆ. ಸದ್ದು ಸಣ್ಣಗಾಯಿತು, ಇನ್ನೂ ಸಣ್ಣಗಾಯಿತು, ನಿಂತಿತು. ಬಾಗಿಲು ತೆಗೆದ ಸದ್ದು. ನನ್ನ ಹೆಜ್ಜೆ. ಆಮೇಲೆ ಇವಳ ದನಿ.

ಪಕ್ಕದ ರೂಮಿನಿಂದ. ಅವಳ ಅಕ್ಕನ ಜೊತೆ ಫೋನಿನಲ್ಲಿ. ಕೇಳಿಸಿದಷ್ಟನ್ನು ಬರೆಯುತ್ತೇನೆ.

"...ಇಲ್ಲಕ್ಕ, ಈಗ ಹೊರಗೆ ಹೋದ್ರು. ಹೂಂ, ಪೂರ್ತಿ ಬಾರ್ಸಿದ್ರು ಇವತ್ತು... ಸೋಮವಾರಾನೇ ಗೊತ್ತಾಯ್ತಕ್ಕ, ಕಿವಿಗೆ ಏನೂ ಆಗಿಲ್ವಂತೆ. ನಿಂಗೆ ಫೋನ್ ಮಾಡಿ ಹೇಳೋಕೂ ಆಗ್ಲಿಲ್ಲ, ಹೇಳೋಕೆ ಹೋದ್ರೆ ಅಳು ಬರುತ್ತೆ ಅಂತ... ನಂಗೆ ಮೊದಲೇ ಗೊತ್ತಿತ್ತು. ಮಷಿನ್ ನಿಲ್ಲಿಸದೆ ಇದ್ರೂ ಬೈಲಿಲ್ಲ, ಎಡಗಡೆಯಿಂದ ಕರೆದ್ರೆ ತಿರುಗ್ತಿರಲಿಲ್ಲ. ಹತ್ತಿ ಮೂಟೆಗೆ ಬೇರೆ ಕೈ ಹಾಕಿದ್ರು... ನಾನು ಕೇಳಲಿಲ್ಲ. ಅವರಾಗಿ ಹೇಳಲಿ ಅಂತ. ಮಾವನೋರಿಗೆ ಆದಾಗ ಮನೇಲಿ ಎಲ್ಲರೂ ಕೇಳಿ ಕೇಳಿ ಅವರನ್ನ ಎಷ್ಟು ಸಣ್ಣ ಮಾಡಿದ್ರು, ನಾನು ನೋಡಿದೀನಲ್ಲ..."

ಇಲ್ಲಿ ಸ್ವಲ್ಪ ಹೊತ್ತು ಏನೂ ಇಲ್ಲ. ಅಕ್ಕ ಮಾತಾಡುತ್ತಿದ್ದಿರಬೇಕು.

"ಹುಚ್ಚಿ ಅನ್ನು ನೀನು. ಇವರು ಡಿಪೋಗೆ ಹೋದ ಮೇಲೆ ಫೋನ್ ಮುಂದೆ ಇಟ್ಕೊಂಡು ಕೈಸನ್ನೆ ಕಲೀತಾ ಇದ್ದೆ ಕಣಕ್ಕ. ಕಿವಿ ಕೇಳದೋರ ಜೊತೆ ಮಾತಾಡ್ತಾರಲ್ಲ, ಅದು. ದಿನಕ್ಕೆರಡು. ಇಪ್ಪತ್ತು ಮಾತು ಬಂದಿತ್ತು. ಊಟ, ನೀರು, ಹೋಗಿ ಬನ್ನಿ, ಹುಷಾರು... ಮನೇಲಿ ಮಾತು ನಿಂತು ಹೋಗಬಾರದಲ್ಲ. ಇಬ್ಬರೇ ಇರೋದು." ನಗು. ಅಳುವಿನ ಹತ್ತಿರದ ನಗು. "ಈಗ ಎಲ್ಲ ದಂಡ ಆಯ್ತು ನೋಡು."

ಆಮೇಲೆ ಹೊಲಿಗೆ ಮಷಿನ್ ಶುರುವಾಯಿತು.

ನಾಲ್ಕು ಸಲ ಕೇಳಿದೆ. ಗಿಟಾರ್ ಭಾಗ ಬಿಟ್ಟು, ಇಷ್ಟನ್ನೇ.

ಊಟಕ್ಕೆ ಬಿಸಿ ಮಾಡುತ್ತೇನೆ ಅಂತ ಎದ್ದು ಹೋದಳು ಅವತ್ತು. ನಾನು ಹಸಿವು ಅಂತ ಕೂಗಿದೆ. ಕಿವಿ ಸರಿಯಿದೆ ಅಂತ ಚೀಟಿ ಜೇಬಿನಲ್ಲಿಟ್ಟುಕೊಂಡು ಕೂತಿದ್ದೆ, ಮೂರು ವಾರ ಇವಳದ್ದೊಂದೂ ನನಗೆ ಕೇಳಿಸಿರಲಿಲ್ಲ. ನಾಚಿಕೆಯಾಗುತ್ತಿದೆ. ನಾಚಿಕೆಗಿಂತ ಜಾಸ್ತಿ ಸಮಾಧಾನ, ಯಾಕೆ ಅಂತ ಬಿಡಿಸಿ ಬರೆಯಲು ಬರುತ್ತಿಲ್ಲ. ಕಿವಿ ಹೋಗಿದ್ದರೂ ನಾನು ಮುಳುಗುತ್ತಿರಲಿಲ್ಲ. ಅಷ್ಟು ಗೊತ್ತಾಯಿತು.

ಡ್ರಮ್ಮರ್‌ಗೆ ಎಂಟನೆಯ ಟೇಕ್ ಕಳಿಸಿದೆ. ಈ ಸಲ ಟ್ರಾಫಿಕ್ಕಿನಲ್ಲಿ ಕೇಳಿದರೆ ಬಂದು ಒದೆಯುತ್ತೇನೆ ಅಂತ ಬರೆದು. ಬಾಲ ಕತ್ತರಿಸಿ ಹನ್ನೊಂದನೆಯದನ್ನೇ ಕಳಿಸಬಹುದಿತ್ತು. ಕತ್ತರಿಸಲು ಕೈ ಬರಲಿಲ್ಲ. ಅದು ಇಲ್ಲೇ ಇರಲಿ.

ಮಷಿನ್ ನಿಂತಿತು. ಬರುತ್ತಿದ್ದಾಳೆ. ಬಾಗಿಲಲ್ಲಿ ನಿಂತು "ಮುಗೀತಾ ರೀ? ಹಾಸಿಗೆ ಮಂಚಕ್ಕೆ ಹಾಕ್ತೀರಾ?" ಅನ್ನುತ್ತಿದ್ದಾಳೆ. ಕೊರಳಲ್ಲಿ ಅಳತೆ ಟೇಪು, ಬೆರಳಿಗೆ ನೀಲಿ ದಾರ ಸುತ್ತಿಕೊಂಡಿದ್ದಾಳೆ. ದಂಡ ಆಗಿಲ್ಲ ಅಂತ ಹೇಳಬೇಕು. ಆ ಇಪ್ಪತ್ತನ್ನೂ ನನಗೆ ಕಲಿಸು ಅನ್ನಬೇಕು, ಒಂದೊಂದಾಗಿ, ಇವತ್ತಿನಿಂದಲೇ. ಮೊದಲು ಯಾವುದನ್ನು ಕಲಿತೆ ಅಂತ ಕೇಳ—